ನೊಣದ ಮೈಬಣ್ಣ ಮೊದಲು, ಮೆದುಳಿನ ಮಾತು ಆಮೇಲೆ

ನವಲೂರಿನ ಪೇರಲ ಬುಟ್ಟಿಯ ಸುತ್ತ, ಸಂತೆಯಲ್ಲಿ ಮೆತ್ತಗಾದ ಬಾಳೆಹಣ್ಣಿನ ಮೇಲೆ ಆಡುವ 2–3 ಮಿಲಿಮೀಟರ್ ಉದ್ದದ ಕೆಂಗಣ್ಣಿನ ನೊಣವೇ ಡ್ರೊಸೊಫಿಲಾ. ಧಾರವಾಡದ ಮಾವಿನ ತೋಟದವರು ಬೈಯುವ ಹಣ್ಣುನೊಣ ಇದಲ್ಲ. ಅದು ಬ್ಯಾಕ್ಟ್ರೊಸೆರಾ, ಗಿಡದ ಮೇಲಿನ ಕಾಯಿಗೇ ಚುಚ್ಚಿ ಮೊಟ್ಟೆ ಇಡುತ್ತದೆ, ಮೀಥೈಲ್ ಯೂಜಿನಾಲ್ ಬಲೆಗೆ ಅದರ ಗಂಡು ಬೀಳುತ್ತದೆ. ಡ್ರೊಸೊಫಿಲಾ ಬರುವುದು ಹುಳಿ ಬಂದ ಹಣ್ಣಿನ ಮೇಲಿನ ಯೀಸ್ಟ್ ತಿನ್ನಲು. ಅದನ್ನು ಹಿಡಿಯಲು ಮಾವಿನ ಬಲೆ ಕಟ್ಟಿಕೊಂಡು ಕೂತರೆ ಒಂದು ವಾರ ಹಾಳು, ಅಷ್ಟೇ.

ಈ ನೊಣಕ್ಕೆ ಆಹಾರದಲ್ಲಿ ಎಲ್-ಡೋಪಾ, ಅಂದರೆ ಮೈಯೊಳಗೆ ಡೋಪಮಿನ್ ಎಂಬ ನರಸಂದೇಶವಾಹಕವಾಗುವ ವಸ್ತು, ಬೆರೆಸಿ, ಅದು ಎಷ್ಟು ಬೇಗ ಗಾಜು ಹತ್ತುತ್ತದೆ ಎಂದು ನೋಡುವ ಪ್ರಾಜೆಕ್ಟು ಎಂಎಸ್ಸಿ ಹುಡುಗರಿಗೆ ಅಚ್ಚುಮೆಚ್ಚು. ನೋಡಲು ಸುಲಭ, ಖರ್ಚು ಕಡಿಮೆ. ತೊಡಕು ಇರುವುದು ಫಲಿತಾಂಶ ಬರೆಯುವಲ್ಲಿ. ನೊಣ ಮೆಲ್ಲಗೆ ಹತ್ತಿತು, ಡೋಪಮಿನ್ ಏರುಪೇರಾಗಿ ಮೆದುಳು ಕೆಟ್ಟಿತು ಎಂದು ಬರೆದುಬಿಡುತ್ತಾರೆ. ಡೋಪಮಿನ್ ಈ ಜೀವಿಯಲ್ಲಿ ಮೆದುಳಿನ ಸ್ವತ್ತು ಮಾತ್ರ ಅಲ್ಲ. ಅದರ ಬಹುಪಾಲು ಕೆಲಸ ಚರ್ಮದಲ್ಲಿದೆ.

ದಾರಿ ಹೀಗಿದೆ. ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನ್ ಹೈಡ್ರಾಕ್ಸಿಲೇಸ್ ಕಿಣ್ವ ಎಲ್-ಡೋಪಾ ಮಾಡುತ್ತದೆ. ಅದನ್ನು ಡೋಪಾ ಡಿಕಾರ್ಬಾಕ್ಸಿಲೇಸ್ ಡೋಪಮಿನ್ ಮಾಡುತ್ತದೆ. ಸೆರೊಟೊನಿನ್ ಎಂಬ ಇನ್ನೊಂದು ಸಂದೇಶವಾಹಕದ ತಯಾರಿಯ ಕೊನೆಯ ಹೆಜ್ಜೆಗೂ ಇದೇ ಎರಡನೆಯ ಕಿಣ್ವ ಬೇಕು. ನರಕೋಶದಲ್ಲಿ ಡೋಪಮಿನ್ ಸಂದೇಶವಾಹಕ. ಹೊರಚರ್ಮದ ಕೋಶದಲ್ಲಿ ಅದೇ ಡೋಪಮಿನ್ ಕವಚವನ್ನು ಗಟ್ಟಿಮಾಡುವ, ಬಣ್ಣ ಕೊಡುವ ಕಚ್ಚಾವಸ್ತು. ಪ್ಯೂಪಾ ಗೂಡಿನಿಂದ ಹೊರಬಂದ ನೊಣ ಬೆಳ್ಳಗೆ, ಮೆತ್ತಗೆ ಇರುತ್ತದೆ. ರೆಕ್ಕೆ ಬಿಚ್ಚಿಕೊಂಡು ಕೆಲವು ತಾಸುಗಳಲ್ಲಿ ಕಂದಾಗಿ ಗಟ್ಟಿಯಾಗುವುದು ಈ ರಸಾಯನದಿಂದ.

ಟೈರೊಸಿನ್ ಹೈಡ್ರಾಕ್ಸಿಲೇಸ್ ಜೀನ್‌ನ ಹೆಸರೇ ‘ಪೇಲ್’, ಅಂದರೆ ಬಿಳಿಚಿದ್ದು. ಅದು ಪೂರ್ತಿ ಕೆಟ್ಟರೆ ಭ್ರೂಣ ಬಣ್ಣವಿಲ್ಲದೆ ಮೊಟ್ಟೆಯೊಳಗೇ ಸಾಯುತ್ತದೆ. ಮೆದುಳಿಗೆ ಡೋಪಮಿನ್ ಇಲ್ಲದ್ದಕ್ಕೆ ಸತ್ತಿತೇ, ಚರ್ಮಕ್ಕೆ ಇಲ್ಲದ್ದಕ್ಕೆ ಸತ್ತಿತೇ? 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಬಿಡಿಸಿತು. ಕಿಣ್ವವನ್ನು ಚರ್ಮಕ್ಕೆ ಮಾತ್ರ ಮರಳಿ ಕೊಟ್ಟು, ನರಮಂಡಲಕ್ಕೆ ಕೊಡದೆ ಬಿಟ್ಟರು. ನೊಣಗಳು ಬದುಕಿ ಪ್ರೌಢವಾದವು! ಆದರೆ ಚಟುವಟಿಕೆ ಕುಗ್ಗಿತು, ನಿದ್ದೆ ಹೆಚ್ಚಿತು, ತಿನ್ನುವುದು ಕಡಿಮೆಯಾಯಿತು, ವಾಸನೆಯನ್ನು ಶಿಕ್ಷೆಯೊಡನೆ ಜೋಡಿಸಿ ನೆನಪಿಡುವ ಶಕ್ತಿ ಕುಂದಿತು. ಜೀವ ಉಳಿಸಿದ್ದು ಚರ್ಮದ ಡೋಪಮಿನ್. ನಡತೆ ಹಿಡಿದಿಟ್ಟದ್ದು ಮೆದುಳಿನದು.

ಕಾಲೇಜಿನ ಪ್ರಯೋಗಾಲಯದಲ್ಲೇ ಇದರ ಕನ್ನಡಿ ಇದೆ. ಸಂಕರಣ ಕಲಿಸಲು ಇಟ್ಟಿರುವ ‘ಎಬೊನಿ’ ಎಂಬ ಕರಿ ನೊಣದಲ್ಲಿ ಡೋಪಮಿನ್‌ಗೆ ಬೀಟಾ-ಅಲನಿನ್ ಎಂಬ ಅಮೈನೊ ಆಮ್ಲ ಕೂಡಿಸುವ ಕಿಣ್ವ ಕೆಟ್ಟಿರುತ್ತದೆ. ಕಂದು ಬಣ್ಣಕ್ಕೆ ಹೋಗಬೇಕಾದ ಡೋಪಮಿನ್ ಕರಿ ಮೆಲನಿನ್ ಕಡೆಗೆ ತಿರುಗುತ್ತದೆ. ಮೆಂಡೆಲ್‌ನ ಅನುಪಾತ ಎಣಿಸಿ ಆ ಬಾಟಲಿಯನ್ನು ಮೂಲೆಗೆ ಸರಿಸುತ್ತೇವೆ. ಅದೇ ಕಿಣ್ವ ಮೆದುಳಿನಲ್ಲಿ ನರಕೋಶಗಳಿಗೆ ಆಸರೆಯಾದ ಗ್ಲಿಯಾ ಕೋಶಗಳಲ್ಲಿ ಹಿಸ್ಟಮಿನ್‌ಗೂ ಬೀಟಾ-ಅಲನಿನ್ ಕೂಡಿಸುತ್ತದೆ, ಹಿಸ್ಟಮಿನ್ ನೊಣದ ಕಣ್ಣಿನ ಸಂದೇಶವಾಹಕ. ಹೀಗಾಗಿ ಎಬೊನಿಗೆ ನೋಟವೂ ಸರಿಯಿಲ್ಲ, ದಿನದ ಚಟುವಟಿಕೆಯ ತಾಳವೂ ತಪ್ಪಿರುತ್ತದೆ. ಬೆಳಕಿನತ್ತ ಓಡಲಿಲ್ಲವೆಂದರೆ ಅದಕ್ಕೆ ಡೋಪಮಿನ್ನೇ ಕಾರಣ ಎನ್ನುವಂತಿಲ್ಲ.

ಬಿಳಿಗಣ್ಣಿನದು ಇನ್ನೂ ಮೋಸದ್ದು. ತಳಿವಿಜ್ಞಾನಿ ಮಾರ್ಗನ್ 1910ರಲ್ಲಿ ವರದಿ ಮಾಡಿದ ಆ ‘ವೈಟ್’ ಜೀನ್ ಟ್ರಿಪ್ಟೊಫ್ಯಾನ್, ಗ್ವಾನಿನ್‌ಗಳಂಥ ಕಚ್ಚಾವಸ್ತು ಸಾಗಿಸುವ ಪ್ರೋಟೀನಿನ ಒಂದು ಭಾಗ. ಅದು ಕೆಟ್ಟ ನೊಣಗಳ ಮೆದುಳಿನಲ್ಲಿ ಸೆರೊಟೊನಿನ್, ಡೋಪಮಿನ್ ಕಡಿಮೆ ಇರುವುದನ್ನು ಅಳೆದು ತೋರಿಸಿದ್ದಾರೆ. ಕೆಂಗಣ್ಣಿನದಕ್ಕೆ ಔಷಧ ಕೊಟ್ಟು, ಬಿಳಿಗಣ್ಣಿನದನ್ನು ಔಷಧವಿಲ್ಲದೆ ಹೋಲಿಕೆಗೆ ಇಟ್ಟರೆ ಹೋಲಿಕೆಯೇ ಅಲ್ಲ.

ಆಹಾರಕ್ಕೆ ನಮ್ಮ ಕಡೆ ರೂಢಿಯಲ್ಲಿರುವುದು ರವೆ-ಬೆಲ್ಲದ ಪಾಕ: 1 ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 8–10 ಗ್ರಾಂ ಅಗರ್. ಕುದಿಸಿ ಇಳಿಸಿ, ಹಬೆ ಕಡಿಮೆಯಾದ ಮೇಲೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಮಳೆಗಾಲದಲ್ಲಿ ಬೂಸು ಬರುತ್ತದೆಂದು ಆಮ್ಲ ಏರಿಸಬೇಡಿ, ಮರಿಹುಳು ಬೆಳೆಯುವುದೇ ತಡವಾಗುತ್ತದೆ. ಬದಲಿಗೆ ವಯಲ್, ಅಂದರೆ ನೊಣ ಸಾಕುವ ಸಣ್ಣ ಸೀಸೆಯ, ಒಳಗೋಡೆಯ ನೀರು ಆರುವ ತನಕ ತೆಳುಬಟ್ಟೆ ಮುಚ್ಚಿ ಬಿಡಿ, ಆಮೇಲೆ ಹತ್ತಿ ಬಿರಡೆ ಹಾಕಿ. ಬೆಲ್ಲವೂ ಒಂದೇ ಪೆಂಟೆಯದಾಗಿರಲಿ.

ಡೋಪಮಿನ್ ಪುಡಿಯನ್ನೇ ಆಹಾರಕ್ಕೆ ಹಾಕುವುದು ವ್ಯರ್ಥ, ರಕ್ತ ಮತ್ತು ಮೆದುಳಿನ ನಡುವಿನ ತಡೆಯನ್ನು ಅದು ದಾಟದು. ಎಲ್-ಡೋಪಾ ದಾಟುತ್ತದೆ. 1 ಮಿಲಿಲೀಟರಿಗೆ 1 ಮಿಲಿಗ್ರಾಂ, ಅಂದರೆ ಸುಮಾರು 5 ಮಿಲಿಮೋಲಾರ್, ಆರಂಭಕ್ಕೆ ಸಾಕು. ಪಾಕ ಕೈಗೆ ತಡೆಯುವಷ್ಟು, ಅಂದರೆ 45–50 ಡಿಗ್ರಿಗೆ, ಇಳಿದ ಮೇಲೆ ಬೆರೆಸಿ. ಬಿಸಿಯಲ್ಲಿ ಹಾಕಿದರೆ, ಬೆಳಕಿಗೆ ಇಟ್ಟರೆ ಅದು ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ; ಕಪ್ಪಾದ ವಯಲ್ ಬಿಸಾಡಿ. ಮೆಡಿಕಲ್ ಅಂಗಡಿಯ ಪಾರ್ಕಿನ್ಸನ್ ಮಾತ್ರೆ ಪುಡಿಮಾಡುವ ಚಾಳಿ ಬೇಡ. ಅದರಲ್ಲಿ ಕಾರ್ಬಿಡೋಪಾ ಇರುತ್ತದೆ, ಅದು ಡೋಪಾ ಡಿಕಾರ್ಬಾಕ್ಸಿಲೇಸನ್ನೇ ತಡೆಯುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇರುವುದು ನಿಜ, ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ, ಜೊತೆಗೆ ಬೇರೆ ಹತ್ತಾರು ವಸ್ತುಗಳೂ ಇವೆ. ಅಳೆಯದೆ ಹಾಕಿದರೆ ನಸುಗುನ್ನಿಯ ಪರಿಣಾಮ ಎಂದು ಬರೆಯಬಹುದು, ಎಲ್-ಡೋಪಾದ್ದು ಎಂದು ಬರೆಯಲಾಗದು.

ಡೋಪಮಿನ್ ತಗ್ಗಿಸಲು 3-ಅಯೋಡೊಟೈರೊಸಿನ್ ಬಳಸುತ್ತಾರೆ. ಪ್ರೌಢ ನೊಣಕ್ಕೆ 5% ಸಕ್ಕರೆ, 2% ಯೀಸ್ಟ್ ಕಲಸಿದ ನೀರಿನಲ್ಲಿ 1 ಮಿಲಿಲೀಟರಿಗೆ 10 ಮಿಲಿಗ್ರಾಂ, ಸೋಸುಕಾಗದಕ್ಕೆ ಹೀರಿಸಿ, ಸುಮಾರು ಎರಡು ದಿನ. ಔಷಧದ ರುಚಿಗೆ ನೊಣ ತಿನ್ನುವುದನ್ನೇ ಬಿಟ್ಟರೆ ಉಪವಾಸದ ಪರಿಣಾಮವೇ ಔಷಧದ ಪರಿಣಾಮದಂತೆ ಕಾಣುತ್ತದೆ. ತಿನ್ನುವ ನೀಲಿ ಬಣ್ಣ ಚೂರು ಬೆರೆಸಿ. ಹೊಟ್ಟೆ ನೀಲಿಯಾಗದ ಗುಂಪಿನ ಲೆಕ್ಕ ನಂಬಬೇಡಿ.

ಯಾವಾಗ ಕೊಟ್ಟಿರಿ ಎಂಬುದು ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಮರಿಹುಳುವಿಗೆ ಕೊಟ್ಟರೆ ಬೆಳವಣಿಗೆ, ಕವಚ, ನರಗಳ ಜೋಡಣೆ ಎಲ್ಲಕ್ಕೂ ತಟ್ಟುತ್ತದೆ. ಹುಟ್ಟಿ ಮೂರು ದಿನವಾದ, ಮೈ ಗಟ್ಟಿಯಾದ ನೊಣಕ್ಕೆ ಕೊಟ್ಟರೆ ಮಾತ್ರ ಈಗಿನ ನಡತೆಯ ಬಗ್ಗೆ ಏನಾದರೂ ಹೇಳಬಹುದು. ಬೆಳವಣಿಗೆ ಅಳೆಯುವವರು 4 ತಾಸಿನೊಳಗೆ ಇಟ್ಟ ಮೊಟ್ಟೆಗಳನ್ನು ಕುಂಚದಿಂದ ಎಣಿಸಿ ವಯಲ್‌ಗೆ 50ರಂತೆ ಹಾಕಿ. 25 ಡಿಗ್ರಿಯಲ್ಲಿ ಸುಮಾರು 5ನೇ ದಿನ ಪ್ಯೂಪಾ ಗೂಡು ಕಟ್ಟುತ್ತವೆ, 10ನೇ ದಿನದ ಹೊತ್ತಿಗೆ ನೊಣ. ದಿನಕ್ಕೆ ಎರಡು ಸಲವಾದರೂ ಎಣಿಸಿ, ಇಲ್ಲದಿದ್ದರೆ ಅರ್ಧ ದಿನದ ವಿಳಂಬ ಕಾಣುವುದೇ ಇಲ್ಲ. ಮೊಟ್ಟೆ 200 ಆದರೆ ಔಷಧವಿಲ್ಲದೆಯೂ ತಡವಾಗುತ್ತವೆ, ಗಿಡ್ಡಾಗುತ್ತವೆ.

18 ಡಿಗ್ರಿಯಲ್ಲಿ ಇದೇ ಚಕ್ರಕ್ಕೆ ಹೆಚ್ಚುಕಡಿಮೆ ಎರಡರಷ್ಟು ದಿನ ಬೇಕು. 30 ಮುಟ್ಟಿದರೆ ಗಂಡುಗಳು ಬಂಜೆಯಾಗುತ್ತವೆ. ಡಿಸೆಂಬರಿನ ರಾತ್ರಿ ಒಂದು ಲೆಕ್ಕ, ಏಪ್ರಿಲ್‌ನ ಗದಗಿನ ಮಧ್ಯಾಹ್ನ ಇನ್ನೊಂದು. ಇನ್‌ಕ್ಯುಬೇಟರ್ ಇಲ್ಲದಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ಇಟ್ಟು, ದಿನದ ಗರಿಷ್ಠ, ಕನಿಷ್ಠ ತಾಪ ಬರೆಯಿರಿ. ಔಷಧದ ಗುಂಪು, ಬರಿಯ ಗುಂಪು ಒಂದೇ ಪೆಟ್ಟಿಗೆಯಲ್ಲಿ, ಒಂದೇ ದಿನ ಇರಲಿ.

ಹತ್ತುವ ಪರೀಕ್ಷೆಗೆ 3–5 ದಿನದ, ಒಂದೇ ಲಿಂಗದ 10 ನೊಣ, ಬಾಯಿಗೆ ಬಾಯಿ ಕೂಡಿಸಿದ ಎರಡು ಖಾಲಿ ವಯಲ್, 8 ಸೆಂಟಿಮೀಟರಿಗೆ ಗೆರೆ. ಕೆಳಗೆ ತಟ್ಟಿ, 10 ಸೆಕೆಂಡಿನಲ್ಲಿ ಗೆರೆ ದಾಟಿದವನ್ನು ಎಣಿಸಿ. ನಿಮಿಷ ಬಿಟ್ಟು ಐದು ಸಲ. ಮೂರ್ಛೆ ಬರಿಸಲು ಈಥರ್ ಕೊಟ್ಟು ಬೇರ್ಪಡಿಸಿದ ದಿನವೇ ಪರೀಕ್ಷೆ ಮಾಡಬಾರದು, ಕನಿಷ್ಠ 24 ತಾಸು ಬಿಡಬೇಕು. ನೊಣಗಳು ನಸುಕಿಗೂ ಸಂಜೆಗೂ ಚುರುಕು, ನಡುಮಧ್ಯಾಹ್ನ ಮಂದ. ಒಂದು ಗುಂಪನ್ನು 10 ಗಂಟೆಗೆ, ಇನ್ನೊಂದನ್ನು ಊಟವಾದ ಮೇಲೆ ನೋಡಿದರೆ ಸಿಗುವುದು ಗಡಿಯಾರದ ಫಲಿತಾಂಶ.

ಎಲ್ಲರೂ ಡೋಪಮಿನ್ ಹಿಂದೆ ಬಿದ್ದು ಆಕ್ಟೊಪಮಿನ್ ಮರೆಯುತ್ತಾರೆ. ನಮ್ಮ ನಾರ್‌ಅಡ್ರಿನಲಿನ್ ಮಾಡುವ ಕೆಲಸವನ್ನು ಕೀಟಗಳಲ್ಲಿ ಅದು ಮಾಡುತ್ತದೆ. ಅದನ್ನು ತಯಾರಿಸಲಾಗದ ಹೆಣ್ಣು ನೊಣ ಕೂಡುತ್ತದೆ, ಮೊಟ್ಟೆಯನ್ನೂ ಬೆಳೆಸುತ್ತದೆ, ಇಡಲಾರದೆ ಹೊಟ್ಟೆಯಲ್ಲೇ ಹಿಡಿದುಕೊಂಡಿರುತ್ತದೆ. ಆಕ್ಟೊಪಮಿನ್ ತಿನ್ನಿಸಿದರೆ ಇಡುತ್ತದೆ. ದನದ ಉಣ್ಣಿಗೆ ಹಚ್ಚುವ ಅಮಿಟ್ರಾಜ್ ಹಿಡಿಯುವುದು ಇದೇ ಆಕ್ಟೊಪಮಿನ್ ಗ್ರಾಹಕವನ್ನು. ಹಟ್ಟಿಯಲ್ಲಿ ಆ ಔಷಧ ಮುಟ್ಟಿದ ಕೈಯಲ್ಲಿ ವಯಲ್ ಹಿಡಿದರೆ ಪ್ರಯೋಗ ನಿಮಗೆ ಗೊತ್ತಿಲ್ಲದೆ ಬದಲಾಗಿರಬಹುದು.

ಕೊನೆಗೆ ಮೂರನೆಯ ಗುಂಪೊಂದು ಬೇಕೇಬೇಕು: ಅಯೋಡೊಟೈರೊಸಿನ್ ಜೊತೆಗೇ ಎಲ್-ಡೋಪಾ. ಅಯೋಡೊಟೈರೊಸಿನ್ ತಡೆಯುವುದು ಮೊದಲ ಹೆಜ್ಜೆಯನ್ನು, ಎಲ್-ಡೋಪಾ ಅದನ್ನು ದಾಟಿ ಒಳಬರುತ್ತದೆ. ಹತ್ತುವ ವೇಗ ಮರಳಿ ಬಂದರೆ ಕುಂದಿದ್ದು ಡೋಪಮಿನ್ನೇ. ಮರಿಹುಳುವಿನಿಂದಲೇ ಕೊಟ್ಟಾಗ ಮೈ ಕಂದಾಗಿ ಮರಳಿತು, ವೇಗ ಮರಳಲಿಲ್ಲ ಎಂದರೆ ಚರ್ಮಕ್ಕೆ ಸಿಕ್ಕಿದ್ದು ಮೆದುಳಿಗೆ ಸಾಲದೆ ಹೋಗಿರಬಹುದು, ಪ್ರಮಾಣ ಏರಿಸಿ ನೋಡಿ. ಎರಡೂ ಮರಳದಿದ್ದರೆ ನೀವು ಕೊಟ್ಟದ್ದು ಬರಿ ವಿಷ. ಅರ್ಧಕ್ಕೆ ಇಳಿಸಿ, ಹೊಸ ಮೊಟ್ಟೆಯಿಂದ ಶುರುಮಾಡಿ.