ಗಿಬ್ಲಿ ಯಾರು? ಲಾವೊನ್ ಪ್ರಕರಣದ ಟಿಪ್ಪಣಿ

ಕಳೆದ ಭಾನುವಾರ ಕುಂಬಳೆಯ ವಾಚನಾಲಯದಲ್ಲಿ ಪಶ್ಚಿಮ ಏಷ್ಯಾದ ಪಾಠ ಓದುವಾಗ ನಾವು ನಾಲ್ಕೂ ಜನ ಒಂದೇ ಕಡೆ ತಡವರಿಸಿದೆವು. ಪಾಠ ಲಾವೊನ್ ಪ್ರಕರಣದ್ದು, ಅಂದರೆ 1954ರಲ್ಲಿ ಇಸ್ರೇಲ್ ಈಜಿಪ್ಟಿನಲ್ಲಿ ಗುಟ್ಟಾಗಿ ನಡೆಸಿ ಸಿಕ್ಕಿಬಿದ್ದ ಬಾಂಬ್ ಸಂಚು. ಲಾವೊನ್ ಆಗಿನ ಇಸ್ರೇಲಿನ ರಕ್ಷಣಾ ಮಂತ್ರಿ ಅಂತ ಎಲ್ಲರೂ ಬರೆದುಕೊಂಡಿದ್ದೆವು. ಗಿಬ್ಲಿ ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿನ್ಯಾಮಿನ್ ಗಿಬ್ಲಿ ಆಗ ಇಸ್ರೇಲಿನ ಸೇನಾ ಗುಪ್ತಚರ ವಿಭಾಗ 'ಅಮಾನ್'ನ ಮುಖ್ಯಸ್ಥ. 1954ರಲ್ಲಿ ಬ್ರಿಟಿಷರು ಸೂಯೆಜ್ ಕಾಲುವೆಯ ಬಳಿಯಿಂದ ಸೇನೆ ತೆಗೆಯಲು ಹೊರಟಿದ್ದರು. ಅವರು ಹೋಗಬಾರದು ಅಂತ ಇಸ್ರೇಲಿನ ಗುಪ್ತಚರರು ಒಂದು ಉಪಾಯ ಹೂಡಿದರು. ಈಜಿಪ್ಟಿನಲ್ಲಿ ಸಣ್ಣ ಸಣ್ಣ ಬಾಂಬ್ ಇಟ್ಟು, ತಪ್ಪನ್ನು ಅಲ್ಲಿನ ಗುಂಪುಗಳ ತಲೆಗೆ ಕಟ್ಟುವುದು. ದೇಶದಲ್ಲಿ ಗಲಭೆ ಇದೆ ಅನ್ನಿಸಿದರೆ ಬ್ರಿಟಿಷರು ಉಳಿಯುತ್ತಾರೆ ಅನ್ನುವ ಲೆಕ್ಕ.

ಮೊದಲ ಬಾಂಬ್ ಜುಲೈ 2ರಂದು, ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಅಂಚೆ ಕಚೇರಿಯಲ್ಲಿ. 14ರಂದು ಅಲ್ಲಿಯೂ ಕೈರೋದಲ್ಲಿಯೂ ಅಮೆರಿಕದ ಗ್ರಂಥಾಲಯಗಳು. 23ರಂದು ಸಿನೆಮಾ ಟಾಕೀಸಿನ ಹತ್ತಿರ ಬಾಂಬ್ ಇಡಲು ಹೋದ ಫಿಲಿಪ್ ನಾಥನ್ಸನ್‌ನ ಜೇಬಿನಲ್ಲೇ ಬಾಂಬ್ ಹೊತ್ತಿಕೊಂಡಿತು. ಜಾಲ ಸಿಕ್ಕಿಬಿತ್ತು. ಅದರಲ್ಲಿದ್ದ ಮೋಶೆ ಮರ್ಝೂಕ್, ಶ್ಮುಯೆಲ್ ಅಝಾರ್ ಇಬ್ಬರನ್ನು 1955ರ ಜನವರಿ 31ರಂದು ಗಲ್ಲಿಗೇರಿಸಿದರು.

ಇಲ್ಲಿ ಸ್ವಲ್ಪ ನಿಂತು ಓದಿ. ಈ ಕೆಲಸಕ್ಕೆ ಬಳಸಿದ್ದು ಈಜಿಪ್ಟಿನಲ್ಲೇ ಬೆಳೆದ ಯಹೂದಿ ಯುವಕರನ್ನು. ಅವರು ಸಿಕ್ಕಿಬಿದ್ದರೆ ಅಲ್ಲಿನ ಯಹೂದಿಗಳೆಲ್ಲರ ಮೇಲೂ ಸಂಶಯ ಬರುತ್ತದೆ ಅಲ್ವಾ? ಗಡಿನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬದುಕುವ ನಮಗೆ ಇದು ಬೇಗ ತಟ್ಟುತ್ತದೆ. ನನಗಂತೂ ಇಡೀ ಪಾಠದಲ್ಲಿ ಜಾಸ್ತಿ ನೋವು ಕೊಟ್ಟಿದ್ದು ಇದೇ.

ಇನ್ನು ಗಿಬ್ಲಿಯ ಪತನ. ಪ್ರಧಾನಿ ಮೋಶೆ ಶರೆಟ್‌ಗೆ ಈ ಯೋಜನೆಯ ಸುಳಿವೇ ಇರಲಿಲ್ಲ. ಲಾವೊನ್ ಬಾಯಿಮಾತಿನಲ್ಲಿ ಆದೇಶ ಕೊಟ್ಟರು ಅಂದ ಗಿಬ್ಲಿ. ನಾನು ಕೊಟ್ಟಿಲ್ಲ ಅಂದರು ಲಾವೊನ್. ನಮ್ಮಲ್ಲಿ ಒಂದು ಚೀಲ ಅಡಿಕೆ ಮಾರಿದರೂ ಚೀಟಿ ಇರುತ್ತದೆ. ಇಷ್ಟು ಜೀವಗಳ ಪ್ರಶ್ನೆಗೆ ಲಿಖಿತ ಆದೇಶವೇ ಇರಲಿಲ್ಲ. ತನಿಖೆ ಮಾಡಿದ ಓಲ್ಶನ್–ಡೋರಿ ಸಮಿತಿಗೆ ಯಾರ ಮಾತು ನಿಜವೆಂದು ತೀರ್ಮಾನಿಸಲಾಗಲಿಲ್ಲ. 1955ರಲ್ಲಿ ಲಾವೊನ್ ರಾಜೀನಾಮೆ ಕೊಟ್ಟರು, ಗಿಬ್ಲಿಯ ಹುದ್ದೆಯೂ ಹೋಯಿತು. ಅಮಾನ್ ಮುಖ್ಯಸ್ಥನ ಆ ಜಾಗಕ್ಕೆ ಹರ್ಕಾಬಿ ಎಂಬ ಅಧಿಕಾರಿ ಬಂದರು. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ 'ಅಪರಾಧ ಸಾಬೀತಾಗಿ ವಜಾ' ಅಂತ ಬರೆಯಬೇಡಿ. ಹುದ್ದೆ ಹೋಯಿತು, ಸೇನೆಯ ಕೆಲಸ ಉಳಿಯಿತು.

1960ರಲ್ಲಿ ದಾಖಲೆ ತಿದ್ದಿದ ಆರೋಪದಿಂದ ಕೇಸು ಮತ್ತೆ ಎದ್ದಿತು. ಮಂತ್ರಿಗಳ ಸಮಿತಿ, ಆದೇಶ ಕೊಟ್ಟಿದ್ದು ಲಾವೊನ್ ಅಲ್ಲ ಅಂದಿತು. ಆಗಲೂ ಸೆನ್ಸಾರ್ ಇದ್ದುದರಿಂದ ಪತ್ರಿಕೆಗಳಲ್ಲಿ ಗಿಬ್ಲಿಯ ಹೆಸರಿಲ್ಲ, 'ಹಿರಿಯ ಅಧಿಕಾರಿ' ಅಂತ ಮಾತ್ರ. ಪ್ರಕರಣಕ್ಕೆ ಲಾವೊನ್ ಹೆಸರೇ ಅಂಟಿಕೊಂಡಿತು. ನಮ್ಮ ನೋಟ್ಸಿನಲ್ಲಿ ಗಿಬ್ಲಿ ಕಾಣೆಯಾದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಈಜಿಪ್ಟಿನ ಜೈಲಿನಲ್ಲಿದ್ದ ಜಾಲದ ಕೊನೆಯವರು 1968ರಲ್ಲಿ ಕೈದಿಗಳ ವಿನಿಮಯದಲ್ಲಿ ಹೊರಬಂದರು. ಇಸ್ರೇಲಿನ ಅಧ್ಯಕ್ಷರು ಬದುಕಿದ್ದವರನ್ನು ಕರೆದು ಗೌರವಿಸಿದ್ದು 2005ರಲ್ಲಿ.