ಬಾಗುವ ಕನ್ನಡಿಯನ್ನು ಎಲ್ಲಿಡಬೇಕು?

ನಕ್ಷತ್ರದಿಂದ ಹೊರಟ ಬೆಳಕಿನ ಅಲೆಮುಖ, ಅಂದರೆ ಒಟ್ಟಾಗಿ ಮುಂದೆ ಸಾಗುವ ಅಲೆಗಳ ಮುಂಭಾಗ, ನಮ್ಮ ವಾಯುಮಂಡಲವನ್ನು ಮುಟ್ಟುವವರೆಗೂ ಹಾಸಿದ ಹಾಳೆಯಂತೆ ಸಪಾಟಾಗಿರುತ್ತದೆ. ಆಮೇಲಿನ ಕೆಲವೇ ಕಿಲೋಮೀಟರುಗಳಲ್ಲಿ ಬಿಸಿ ಗಾಳಿ, ತಂಪು ಗಾಳಿಗಳ ಸುಳಿಗಳು ಅದನ್ನು ಸುಕ್ಕುಗಟ್ಟಿಸಿಬಿಡುತ್ತವೆ. 8 ಮೀಟರ್ ವ್ಯಾಸದ ದೂರದರ್ಶಕವು ಬೆಳಕನ್ನು ಎಷ್ಟೇ ಬಾಚಿಕೊಂಡರೂ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಬಿಡಿಸಿ ತೋರಿಸಬಲ್ಲ ವಿವರ ಹತ್ತಿಪ್ಪತ್ತು ಸೆಂಟಿಮೀಟರ್ ಕನ್ನಡಿಯದಕ್ಕಿಂತ ಹೆಚ್ಚೇನಲ್ಲ. ಈ ಸುಕ್ಕನ್ನು ಅಳೆದು, ಅದಕ್ಕೆ ತಕ್ಕಂತೆ ಬಾಗುವ ಮೇಲ್ಮೈಯಿಂದ ಕ್ಷಣಕ್ಷಣವೂ ಸರಿಪಡಿಸಬಹುದೆಂದು ಹೊರೇಸ್ ಬ್ಯಾಬ್‌ಕಾಕ್ 1953ರಲ್ಲೇ ಸೂಚಿಸಿದ್ದರು. ಅದೇ ಇಂದಿನ ಅಡಾಪ್ಟಿವ್ ಆಪ್ಟಿಕ್ಸ್.

ಕಣ್ಣಿಗೆ ಕಾಣದ, ಕೆಂಪಿಗಿಂತ ಉದ್ದನೆಯ ತರಂಗಾಂತರದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಈ ಕೆಲಸ ಬಹಳಷ್ಟು ಹಗುರಾಗುತ್ತದೆ. ಗಾಳಿಯು ಅಲೆಮುಖವನ್ನು ಹೆಚ್ಚು ಕೆಡಿಸದೆ ಬಿಡುವ ತುಣುಕಿನ ಅಗಲ 0.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ತರಂಗಾಂತರದಲ್ಲಿ ಸುಮಾರು 10 ಸೆಂಟಿಮೀಟರ್ ಇದ್ದರೆ, 2.2 ಮೈಕ್ರಾನಿನಲ್ಲಿ ಅದು 60 ಸೆಂಟಿಮೀಟರಿನಷ್ಟಾಗುತ್ತದೆ. 8 ಮೀಟರ್ ಕನ್ನಡಿಯ ಮೇಲೆ ಸರಿಪಡಿಸಬೇಕಾದ ತುಣುಕುಗಳು ಆರು ಸಾವಿರದಿಂದ ಇನ್ನೂರರ ಆಸುಪಾಸಿಗೆ ಇಳಿಯುತ್ತವೆ. ಪ್ರತಿ ತಿದ್ದುಪಡಿಗೆ ಸಿಗುವ ಸಮಯವೂ ಆರು ಪಟ್ಟಿನಷ್ಟು ಹೆಚ್ಚುತ್ತದೆ.

ಆದರೆ ಅವಕೆಂಪಿಗೆ ತನ್ನದೇ ಆದ ತೊಡಕೊಂದಿದೆ, ವಿನ್ಯಾಸಕಾರನ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. 2 ಮೈಕ್ರಾನ್ ದಾಟಿದ ಮೇಲೆ ದೂರದರ್ಶಕವೇ ತನ್ನ ಬಿಸುಪಿನಿಂದ ಹೊಳೆಯತೊಡಗುತ್ತದೆ. ಸುಕ್ಕು ತೆಗೆಯಲೆಂದು ಬೆಳಕಿನ ಹಾದಿಯಲ್ಲಿ ಹೊಸದಾಗಿ ಇಡುವ ಪ್ರತಿಯೊಂದು ಬೆಚ್ಚಗಿನ ಕನ್ನಡಿಯೂ ಸ್ವಲ್ಪ ನಕ್ಷತ್ರದ ಬೆಳಕನ್ನು ನುಂಗಿ, ಅದರ ಜಾಗದಲ್ಲಿ ತನ್ನ ಶಾಖವನ್ನು ಕ್ಯಾಮೆರಾಕ್ಕೆ ಸುರಿಯುತ್ತದೆ.

ಇದಕ್ಕೆ ಸಿಕ್ಕ ಉತ್ತರ ಸೊಗಸಾಗಿದೆ: ಹೊಸ ಕನ್ನಡಿಯನ್ನು ಸೇರಿಸುವ ಬದಲು, ಮುಖ್ಯ ಕನ್ನಡಿಯಿಂದ ಬಂದ ಬೆಳಕನ್ನು ಮತ್ತೆ ಪ್ರತಿಫಲಿಸಲು ಹೇಗೂ ಇರಲೇಬೇಕಾದ ದ್ವಿತೀಯಕ ಕನ್ನಡಿಯನ್ನೇ ಬಾಗಿಸುವುದು. ಅರಿಜೋನಾದ 6.5 ಮೀಟರ್ ಎಂಎಂಟಿ ದೂರದರ್ಶಕದಲ್ಲಿ 2002ರಲ್ಲಿ ಇದು ಕೈಗೂಡಿತು. ಸುಮಾರು 2 ಮಿಲಿಮೀಟರ್ ದಪ್ಪದ ಗಾಜಿನ ಚಿಪ್ಪಿನ ಬೆನ್ನಿಗೆ ಪುಟ್ಟ ಅಯಸ್ಕಾಂತಗಳನ್ನು ಅಂಟಿಸಿ, ಅವುಗಳ ಹಿಂದಿನ 336 ವಿದ್ಯುತ್ ಸುರುಳಿಗಳಿಂದ ಎಳೆದು ತಳ್ಳಿ ಆಕಾರ ಬದಲಿಸುವ ಏರ್ಪಾಡು ಅದು. ಚಿಲಿಯಲ್ಲಿರುವ, ನಾಲ್ಕು ದೊಡ್ಡ ದೂರದರ್ಶಕಗಳ ಗುಂಪಾದ ವಿಎಲ್‌ಟಿಯ ನಾಲ್ಕನೆಯದರಲ್ಲಿರುವ ಇಂಥದೇ ಕನ್ನಡಿಗೆ 1170 ಸುರುಳಿಗಳಿವೆ.

ಹೀಗೆ ಮಾಡಿದಾಗ ತೊಂದರೆ ಬೇರೆಡೆ ತಲೆಯೆತ್ತುತ್ತದೆ. ಯಾವ ಸುರುಳಿಯನ್ನು ಎಷ್ಟು ಒತ್ತಿದರೆ ಸುಕ್ಕನ್ನು ಅಳೆಯುವ ಸಂವೇದಕದಲ್ಲಿ ಏನು ಕಾಣುತ್ತದೆಂಬುದನ್ನು ಮೊದಲೇ ಅಳೆದಿಟ್ಟುಕೊಳ್ಳದೆ ಯಾವ ತಿದ್ದುಪಡಿಯೂ ಸಾಧ್ಯವಿಲ್ಲ. ಎಂಎಂಟಿಯ ದ್ವಿತೀಯಕ ಕನ್ನಡಿ ಉಬ್ಬಿದ್ದು, ಅದಕ್ಕಿಂತ ಮೊದಲು ಬೆಳಕು ಎಲ್ಲಿಯೂ ಒಂದು ಬಿಂದುವಿನಲ್ಲಿ ಕೂಡುವುದಿಲ್ಲವಾದ್ದರಿಂದ, ಕೃತಕ ನಕ್ಷತ್ರವೊಂದನ್ನು, ಅಂದರೆ ನಕ್ಷತ್ರದಂಥ ಬೆಳಕಿನ ಚುಕ್ಕೆಯೊಂದನ್ನು, ಇಟ್ಟು ಪರೀಕ್ಷಿಸಲು ಅನುಕೂಲದ ತಾಣವಿಲ್ಲ. ಅರಿಜೋನಾದಲ್ಲೇ ಇರುವ ಅವಳಿ ಕನ್ನಡಿಗಳ ಎಲ್‌ಬಿಟಿ ದೂರದರ್ಶಕಕ್ಕೆ ಗ್ರೆಗೋರಿಯನ್ ವಿನ್ಯಾಸವಿದೆ: ಅಲ್ಲಿ ಬೆಳಕು ಮೊದಲು ಒಂದೆಡೆ ಕೂಡಿ, ಆಮೇಲೆ ತಗ್ಗಾದ ದ್ವಿತೀಯಕ ಕನ್ನಡಿಯತ್ತ ಸಾಗುತ್ತದೆ. ಇದರಿಂದ ದೂರದರ್ಶಕದ ಉದ್ದ ಹೆಚ್ಚುತ್ತದೆ ನಿಜ. ಆದರೆ ಆ ಕೂಡುವ ಬಿಂದುವಿನಲ್ಲಿ ಪರೀಕ್ಷಾ ಉಪಕರಣವನ್ನಿಟ್ಟು, ಆಕಾಶಕ್ಕಾಗಿ ಕಾಯದೆ, ಹಗಲಿನಲ್ಲೇ 672 ಸುರುಳಿಗಳ ಅಳತೆಯನ್ನು ಮುಗಿಸಿಕೊಳ್ಳಬಹುದು.