‘ಸ್ವಲ್ಪ ಬುದ್ಧಿ ಹೇಳಿ ಮೇಡಂ’

ಶಾಲೆಯಲ್ಲಿ ಆಪ್ತ ಸಮಾಲೋಚಕಿಯಾಗಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಹೇಳೋಕೆ ಏನಿದೆ? ಹೈಸ್ಕೂಲು ಮಕ್ಕಳಿಗೆ ಸರಿ ತಪ್ಪು ಎಲ್ಲಾ ಗೊತ್ತು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ) ಕನ್ನಡ ಪರೀಕ್ಷೆಯಲ್ಲಿ ಪ್ರಾಮಾಣಿಕತೆ ಬಗ್ಗೆ ಪ್ರಬಂಧ ಬರೆದು ಐದಕ್ಕೆ ಐದು ತೆಗೆದಿದ್ದ. ಮರುದಿನವೇ ಗಣಿತದಲ್ಲಿ ಸಿಕ್ಕಿಬಿದ್ದ. ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಕೈವಾರದ ಮೊನೆಯಿಂದ ಸೂತ್ರಗಳನ್ನು ಕೆರೆದಿದ್ದ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ತೆಳ್ಳಗೆ. ಅಷ್ಟು ಕಷ್ಟಪಡುವ ಹೊತ್ತಿಗೆ ಬಾಯಿಪಾಠವೇ ಆಗಿರುತ್ತಿತ್ತು!

ಅವನ ಅಪ್ಪ ನನ್ನೆದುರಿಗೇ ‘ಕಳ್ಳ’ ಅಂದರು. ಅಲ್ಲಿಯವರೆಗೆ ಅಳುತ್ತಿದ್ದ ಹುಡುಗ ಥಟ್ಟನೆ ಅಳು ನಿಲ್ಲಿಸಿದ. ಕಿಟಕಿ ನೋಡುತ್ತಾ ಕೂತ. ನನಗೆ ಭಯವಾಗಿದ್ದು ಆಗ.

ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಸಾಲದು. ‘ನೀನು ಕಾಪಿ ಮಾಡಿದೆ’ ಬೇರೆ, ‘ನೀನು ಕಳ್ಳ’ ಬೇರೆ. ಮೊದಲನೆಯದು ಅವನು ಮಾಡಿದ ಕೆಲಸ. ಎರಡನೆಯದು ಅವನಿಗೆ ನೀವಿಟ್ಟ ಹೆಸರು. ‘ನಾನು ಎಂಥವನು’ ಅಂತ ಹುಡುಕುವ ವಯಸ್ಸಿನಲ್ಲಿ ಆ ಹೆಸರು ಬೇಗ ಅಂಟಿಕೊಳ್ಳುತ್ತೆ. ಸರಿ ಯಾವುದು ಅಂತ ಗೊತ್ತಿದ್ದರೆ ಸಾಲದು, ಅದು ‘ನಾನು’ ಅನ್ನೋದರ ಭಾಗವಾದಾಗಲೇ ನಡತೆಗೆ ಇಳಿಯೋದು ಅಂತ ಮನಶ್ಶಾಸ್ತ್ರಜ್ಞ ಆಗಸ್ಟೋ ಬ್ಲಾಸಿ 1980ರ ದಶಕದಲ್ಲೇ ವಾದಿಸಿದ್ದರು. ಅದಕ್ಕೂ ಮುಂಚೆ, 1928ರಲ್ಲಿ, ಅಮೆರಿಕದ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಸಂಶೋಧಕರು ಸುಮಾರು 11 ಸಾವಿರ ಮಕ್ಕಳ ಮೇಲೆ ನಡೆಸಿದ ಪ್ರಾಮಾಣಿಕತೆಯ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುತ್ತೆ ಅಂತ ಹೇಳೋಕೆ ಆಗ್ತಿರಲಿಲ್ಲ. ಹೀಗಿರುವಾಗ ಒಂದು ಮುಚ್ಚಳ ನೋಡಿ ಇಡೀ ಹುಡುಗನ ಜಾತಕ ಬರೆದುಬಿಡೋದಾ?

‘ಹಾಗಾದ್ರೆ ಶಿಕ್ಷೆ ಬೇಡ್ವಾ ಮೇಡಂ?’ ಅಯ್ಯೋ, ಬೇಕು. ಸೊನ್ನೆ ಬರಲಿ, ಮತ್ತೆ ಬರೆಯಲಿ. ಪದೇ ಪದೇ ಕದಿಯೋದು, ಹೊಡೆದಾಟ ಇದ್ದರೆ ಮಾತು ಬೇರೆ, ಆಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹಾಗಂತ ‘ನನ್ನ ಮಗ ಬಂಗಾರ, ಸುಳ್ಳೇ ಹೇಳಲ್ಲ’ ಅಂತ ಊರಿಗೆಲ್ಲಾ ಸಾರಬೇಡಿ. ಅಂಥ ಮಕ್ಕಳು ಮೊದಲ ಸುಳ್ಳನ್ನು ಮುಚ್ಚೋಕೆ ಪಡುವ ಪಾಡು ನಾನು ನೋಡಿದ್ದೇನೆ.

ಎರಡು ವಾರ ಬಿಟ್ಟು ಹುಡುಗ ಬಂದ. ‘ಬಾಕ್ಸ್ ಕೊಡ್ತೀರಾ ಮೇಡಂ? ನಾಳೆ ಗಣಿತ ಮತ್ತೆ ಬರೀಬೇಕು.’ ಕೊಟ್ಟೆ. ಕೈವಾರ, ಸ್ಕೇಲು, ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ. ಬಾಕ್ಸನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದ.